ಬಿಚ್ಚಲು ಬರುವ ಗೋಡೆ

ನನ್ನ ಹತ್ತಿರ ಮನೆಯ ಪ್ಲಾನ್ ಹಾಕಿಸಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಮೊದಲು ಕೇಳುವುದು ಅಡುಗೆಮನೆ ಯಾವ ಮೂಲೆಗೆ ಬರುತ್ತದೆ ಅಂತ. ಉಳಿದವರಿಗೆ ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಂಥ ಎಲಿವೇಷನ್ ಬೇಕು. ಎರಡಕ್ಕೂ ನನ್ನಲ್ಲಿ ಸಿದ್ಧ ಉತ್ತರಗಳಿವೆ. ಆವತ್ತು ಹೊಳೆನರಸೀಪುರದ ನನ್ನ ಆಫೀಸಿಗೆ ಬಂದ ಹೆಂಗಸು ಎರಡನ್ನೂ ಕೇಳಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಕೊಟ್ಟ ನೀರನ್ನೂ ಮುಟ್ಟದೆ ಹೇಳಿದರು.

"ಒಂದ್ ಬಾತ್‌ರೂಮ್ ಆಗ್ಬೇಕು ಮೇಡಮ್. ವೀಲ್‌ಚೇರು ಒಳೀಕ್ ಓಗಿ ತಿರುಗ್ಬೇಕು. ಅಷ್ಟಾದ್ರೆ ಸಾಕು, ಬ್ಯಾರೆ ಏನೂ ಬ್ಯಾಡ."

ಅವರ ಗಂಡ ರಾಮನಾಥಪುರದ ಸುತ್ತಮುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳಿಗೆ ಸೊಪ್ಪು ಏರಿಸುವ ಕೆಲಸಗಾರ. ಬ್ಯಾರನ್ ಎಂದರೆ ಕಿಟಕಿಯಿಲ್ಲದ ಎತ್ತರದ ಕೋಣೆ. ಒಳಗೆ ಅಡ್ಡಮರಗಳ ಸಾಲು. ಎರಡು ಮರದ ಮೇಲೆ ಕಾಲು ಕವೆ ಹಾಕಿ ನಿಂತು, ಕೆಳಗಿನಿಂದ ಕೊಡುವ ಸೊಪ್ಪಿನ ಕಡ್ಡಿಗಳನ್ನು ಮೇಲೆ ಮೇಲೆ ಪೇರಿಸಬೇಕು. ಅಲ್ಲಿಂದ ಬಿದ್ದು ಆತನಿಗೆ ಸೊಂಟದಿಂದ ಕೆಳಗೆ ಸ್ಪರ್ಶವೇ ಹೋಯಿತು. ಹಾಸನದ ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿ, ಇನ್ನು ಇಷ್ಟೇ ಎಂದು ಮನೆಗೆ ಕಳಿಸಿದ್ದರು. ಈಗ ಹೆಂಡತಿ ಸೊಪ್ಪು ವಿಂಗಡಿಸುವ ಕೂಲಿಗೆ ಹೋಗುತ್ತಾರೆ. ಮಗಳು ಅರಕಲಗೂಡಿನಲ್ಲಿ ಪಿಯುಸಿ.

ಮುಂದಿನ ವಾರವೇ ಹೋದೆ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ರಾಮನಾಥಪುರದಲ್ಲಿ ಇಳಿದು ಸ್ವಲ್ಪ ನಡೆಯಬೇಕು. ಬಾಗಿಲು ನೇರ ಬೀದಿಗೇ ತೆರೆಯುವ ಹೆಂಚಿನ ಮನೆ. ಒಂದು ಹಜಾರ, ಒಂದು ಅಡುಗೆಮನೆ, ಒಂದು ಕೋಣೆ. ಎಡಗಡೆ ಗೋಡೆ ಪಕ್ಕದವರದೂ ಹೌದು ಇವರದೂ ಹೌದು. ಬಲಗಡೆ ಕಲ್ಲುಚಪ್ಪಡಿ ಹಾಸಿದ ಓಣಿ. ಓಣಿಯ ಕೊನೆಯಲ್ಲಿ ಚಿಕ್ಕ ಅಂಗಳ, ಅಂಗಳಕ್ಕೆ ಮುಖ ಮಾಡಿ ಹಿಂದೆ ಇನ್ನೊಂದು ಮನೆ. ಅದರಾಚೆ ಮೆಟ್ಟಿಲಿಳಿದರೆ ಎರಡು ಮನೆಗೂ ಸೇರಿದ ಕಕ್ಕಸು, ಆಮೇಲೆ ನಾಲೆ.

ಹಜಾರದಲ್ಲಿ ವೀಲ್‌ಚೇರಿನ ಮೇಲೆ ಆತ ಕೂತಿದ್ದರು. ಐವತ್ತರ ಆಸುಪಾಸು, ತೋಳುಗಳು ಇನ್ನೂ ಗಟ್ಟಿ. ಪಕ್ಕದ ಸ್ಟೂಲಿನ ಮೇಲೆ ಒಂದು ಚೊಂಬು ತುಂಬ ನೀರು. ನಾನು ಟೇಪು ಹಿಡಿದು ಮನೆ ಸುತ್ತಿ ಬರುವಷ್ಟು ಹೊತ್ತಾದರೂ ಆ ಚೊಂಬು ಹಾಗೇ ಇತ್ತು. ಬಿಸಿಲು ಚುರುಗುಡುತ್ತಿತ್ತು, ಅವರ ತುಟಿ ಒಣಗಿತ್ತು.

"ನೀರು ಕುಡೀರಿ, ನನಗೋಸ್ಕರ ಕಾಯ್ಬೇಡಿ" ಎಂದೆ.

"ಕುಡುದ್ರೆ ಓಗ್ಬೇಕಲ್ಲ ಮೇಡಮ್" ಎಂದರು.

ಆಮೇಲೆ ಬಿಡಿಸಿ ಹೇಳಿದರು, ನನ್ನ ಮುಖ ನೋಡದೆ, ಗೋಡೆ ನೋಡಿಕೊಂಡು. ಹೆಂಡತಿ ಕೂಲಿಗೆ ಹೋದಮೇಲೆ ಸಂಜೆಯವರೆಗೆ ಅವರಿಗೆ ಬೆಡ್‌ಪ್ಯಾನು ಇಡುವುದು, ತೆಗೆಯುವುದು, ತೊಳೆಯುವುದು ಎಲ್ಲ ಹಿಂದಿನ ಮನೆಯ ಅತ್ತಿಗೆ. ಅಣ್ಣ ತೀರಿಹೋಗಿದ್ದರು. ಅತ್ತಿಗೆ ಒಬ್ಬರೇ ಇದ್ದರು, ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿತ್ತು.

"ನಾನು ಚಡ್ಡಿ ಆಕ್ಕಳ್ಳೋ ವಯಸ್ನಲ್ಲಿ ಈ ಮನೆ ತುಂಬಿದವ್ರು ಅವ್ರು. ತಾಯಿ ಸಮಾನ. ಅವ್ರ ಕೈಲಿ ಈ ಕೆಲ್ಸ ಮಾಡುಸ್ಕತಾ ಇದೀನಲ್ಲ, ಇದ್ರ ಬದ್ಲು ಬ್ಯಾರನ್ನಾಗೇ ಓಗ್ಬುಟ್ಟಿದ್ರೆ ಚೆನ್ನಾಗಿತ್ತು. ಅದಕ್ಕೇ ನೀರು ಕುಡಿಯಲ್ಲ. ಡಾಕ್ಟ್ರು ಬೈತಾರೆ, ಕಲ್ಲಾಯ್ತವೆ ಅಂತಾರೆ. ಆದ್ರೆ ಆಗ್ಲಿ."

ಆ ಮಾತು ನನಗೆ ನಾಟಿತು. ಎಷ್ಟೋ ಮನೆಗಳಿಗೆ ಬಚ್ಚಲು ಬರೆದಿದ್ದೇನೆ, ಅಡುಗೆಮನೆಯ ಟೈಲ್ಸಿಗೆ ಮ್ಯಾಚ್ ಆಗಬೇಕು ಎಂದು ಜಗಳವಾಡಿದವರನ್ನು ಸಮಾಧಾನ ಮಾಡಿದ್ದೇನೆ. ಒಂದು ಚೊಂಬು ನೀರಿಗಾಗಿ ಬಚ್ಚಲು ಬೇಕಾದವರು ಇವರೊಬ್ಬರೇ.

ಒಳಗೇ ಎಲ್ಲಾದರೂ ಮಾಡಬಹುದೇ ಎಂದು ಮೊದಲು ನೋಡಿದೆ. ಅಡುಗೆಮನೆಯಲ್ಲಿ ದೇವರ ಗೂಡಿತ್ತು, ಅಲ್ಲಿ ಮಾತೆತ್ತುವ ಹಾಗೇ ಇರಲಿಲ್ಲ. ಇದ್ದ ಒಂದು ಕೋಣೆಯನ್ನು ಬಚ್ಚಲು ಮಾಡಿದರೆ ಮಗಳು ಓದುವುದೆಲ್ಲಿ, ಮಲಗುವುದೆಲ್ಲಿ? ಅದು ಬೇಡವೇ ಬೇಡ ಎಂದು ಆತ ಕೈಯಾಡಿಸಿಬಿಟ್ಟರು. ಎಲ್ಲ ಕಡೆ ಸುತ್ತಿ ಬಂದು ನಾನು ನಿಂತದ್ದು ಓಣಿಯಲ್ಲೇ. ಎಂಟೂವರೆ ಅಡಿ ಅಗಲ. ವೀಲ್‌ಚೇರು ಒಂದು ಸುತ್ತು ತಿರುಗಲು ಐದಡಿ ಬೇಕು. ಕೋಣೆಯ ಕಿಟಕಿಯನ್ನು ಒಡೆದು ಬಾಗಿಲು ಮಾಡಿದರೆ ಮನೆಯೊಳಗಿಂದಲೇ ನೇರ ಬಚ್ಚಲಿಗೆ ಹೋಗಬಹುದು. ಓಣಿಯಲ್ಲಿ ಮೂರೂವರೆ ಅಡಿ ದಾರಿ ಉಳಿಯುತ್ತದೆ, ಹಿಂದಿನವರು ಓಡಾಡಲು ಧಾರಾಳ. ಇಳಿಜಾರೂ ಹಿಂದಿನ ಕಕ್ಕಸಿನ ಗುಂಡಿಯ ಕಡೆಗೇ ಇತ್ತು, ಪೈಪಿಗೆ ಹೇಳಿ ಮಾಡಿಸಿದಂತಿತ್ತು. ನನಗೆ ಖುಷಿಯಾಗಿ ಚಾಕ್‌ಪೀಸಿನಲ್ಲಿ ಚಪ್ಪಡಿಯ ಮೇಲೆ ಗೆರೆ ಎಳೆದುಬಿಟ್ಟೆ.

"ಯಾರವ್ವ ಅದು, ನಮ್ಮೋಣೀಲಿ ಕುಂಟೆಬಿಲ್ಲೆ ಆಡ್ತಿರಾದು?"

ಹಿಂದಿನ ಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಹಣೆತುಂಬ ವಿಭೂತಿ, ಕೈಯಲ್ಲಿ ಪೊರಕೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ಪೊರಕೆಯಿಂದಲೇ ನನ್ನ ಗೆರೆಯನ್ನು ಗುಡಿಸಿ ಹಾಕಿದರು.

"ಬ್ಯಾಡ ಕಣವ್ವ. ಮಾವ್ನೋರು ಭಾಗ ಮಾಡ್ದಾಗ್ಲೇ ಬರ್ಸವ್ರೆ. ಇಲ್ಲಿ ಯಾರೂ ಏನೂ ಕಟ್ಟಂಗಿಲ್ಲ."

ವಿಭಾಗಪತ್ರ ತರಿಸಿ ನೋಡಿದೆ. ಮಾತು ಸ್ಪಷ್ಟವಾಗಿತ್ತು. ಓಣಿ ಎರಡೂ ಮನೆಗೆ ಸೇರಿದ್ದು. ಅದರಲ್ಲಿ ಉಭಯ ಪಾರ್ಟಿಗಳು ಕಟ್ಟಡ, ಚಾವಣಿ, ಜಗಲಿ, ಮೆಟ್ಟಿಲು ಯಾವುದನ್ನೂ ಕಟ್ಟತಕ್ಕದ್ದಲ್ಲ, ಹಿಂದಿನ ಮನೆಯಿಂದ ವಿಮಾನ ಹೊರಡಲು ಅಡಚಣೆ ಮಾಡತಕ್ಕದ್ದಲ್ಲ.

ವಿಮಾನ ಎಂದರೆ ಅವರ ಕಡೆ ಸತ್ತವರ ಕೊನೆಯ ಆಸನ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಬಿದಿರಿನ ಮಂಟಪ ಕಟ್ಟಿ, ಬಾಳೆ, ಹೂವು ಬಿಗಿದು, ಅದರಲ್ಲಿ ಕೂರಿಸಿ ಹೆಗಲ ಮೇಲೆ ಹೊತ್ತು ಮಣ್ಣಿಗೆ ಒಯ್ಯುತ್ತಾರೆ. ಆ ಮನೆತನದ ಪದ್ಧತಿ ಇನ್ನೂ ಬಿಗಿ. ಸತ್ತವರ ಹೊಸ್ತಿಲ ಮುಂದೆಯೇ ವಿಮಾನ ಏರಿಸಬೇಕು, ಬೀದಿಗೆ ತಂದು ಏರಿಸುವಂತಿಲ್ಲ. ಹಿಂದಿನ ಮನೆಯಿಂದ ಬೀದಿಗೆ ಇದ್ದ ದಾರಿ ಆ ಓಣಿಯೊಂದೇ.

ಪಂಚಾಯಿತಿಯಲ್ಲಿ ಕೇಳಿದೆ. ಅಲ್ಲಿನ ಅಧಿಕಾರಿ ಪತ್ರ ಓದಿ, ಹಿಂದಿನ ಮನೆಯವರ ಸಹಿ ಇಲ್ಲದೆ ಲೈಸೆನ್ಸ್ ಕೊಡಲಾಗದು ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೊಳೆನರಸೀಪುರದ ಪರಿಚಯದ ವಕೀಲರ ಹತ್ತಿರ ಹೋದೆ. ಬರೆಸಿದ ಯಜಮಾನ ಸತ್ತು ಎಷ್ಟು ವರ್ಷವಾಯಿತು, ಷರತ್ತು ಇನ್ನೂ ನಡೆಯುತ್ತದೆಯೇ ಎಂದು ವಾದ ಹೂಡಿದೆ. ಅವರು ನಕ್ಕರು. "ಇಂಥ ಷರತ್ತು ಮನುಷ್ಯರಿಗೆ ಅಂಟಿದ್ದಲ್ಲ, ಮನೆಗೆ ಅಂಟಿದ್ದು. ಮನೆ ಕೈ ಬದಲಾದರೂ ಅದು ಜೊತೆಗೇ ಹೋಗುತ್ತೆ. ಆ ಹೆಂಗಸು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ."

ಸರಿ, ಒಪ್ಪಿಸೋಣ ಎಂದು ಹೊರಟೆ. ಐದಡಿಯನ್ನು ನಾಲ್ಕೂವರೆ ಮಾಡಿದೆ, ನಾಲ್ಕು ಮಾಡಿದೆ. ನಾಲ್ಕರಲ್ಲಿ ಕುರ್ಚಿ ತಿರುಗುವುದಿಲ್ಲ, ಹಿಂದು ಹಿಂದಕ್ಕೆ ಎಳೆದುಕೊಂಡು ಬರಬೇಕು, ಆದರೂ ಆಗಲಿ ಎಂದೆ. ಪ್ರತಿ ಸಲ ನಕ್ಷೆ ಹಿಡಿದುಕೊಂಡು ಹೋಗುವುದು, ಅತ್ತಿಗೆ ಅದನ್ನು ತಲೆಕೆಳಗೆ ಹಿಡಿದು ನೋಡುವುದು, "ಚೆಂದಾಗಿ ಬರ್ದಿದೀಯ ಕಣವ್ವ, ಆದ್ರೆ ಬ್ಯಾಡ" ಎನ್ನುವುದು. ಕಾಫಿ ಮಾತ್ರ ತಪ್ಪದೆ ಕೊಡುತ್ತಿದ್ದರು. ಊರಿನ ಹಿರಿಯರೊಬ್ಬರು ಹೇಳಿ ನೋಡಿದರು. ಗಟ್ಟಿಮುಟ್ಟಾಗಿರುವ ಹೆಂಗಸು, ಈಗಲೇ ವಿಮಾನದ ಚಿಂತೆ ಯಾಕೆ ಎಂದು ಕೆಲವರು ಆಡಿಕೊಂಡರು. ನನಗೂ ರೇಗಿತ್ತು. ಬದುಕಿರುವವನು ನೀರು ಕುಡಿಯದೆ ಒಣಗುತ್ತಿದ್ದಾನೆ, ಈಕೆಗೆ ಸತ್ತಮೇಲಿನ ಮೆರವಣಿಗೆಯೇ ದೊಡ್ಡದಾಯಿತಲ್ಲ ಎಂದು ಒಂದು ದಿನ ಬಾಯಿಬಿಟ್ಟು ಅಂದೂಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಲೋಟ ಕೆಳಗಿಟ್ಟರು.

"ಅವನ ಗಲೀಜು ತೆಗೆಯೋಳು ನಾನೇ ಕಣವ್ವ. ನಂಗೊತ್ತಿಲ್ವಾ ಅವನ ಸಂಕ್ಟ? ನಾನಿರೋಗಂಟ ತೆಗೀತೀನಿ, ಒಂದ್ ದಿನಾನೂ ಮುಖ ಸಿಂಡರ್ಸಿಲ್ಲ. ಆದ್ರೆ ನೋಡು, ಈ ಮನ್ಯಾಗೆ ನಾನು ಹಿಂದ್ಗಡೇನೇ ಬದುಕ್ದೋಳು. ಹಬ್ಬ ಹುಣ್ಣಿಮೆ ಬಂದ್ರೆ ನೆಂಟ್ರು ಮುಂದ್ಲ ಮನೇಗೆ ಓಗೋರು, ಇಲ್ಲೀಗ್ ಬಂದೋರು ಕಮ್ಮಿ. ನಮ್ಮೆಜಮಾನ್ರು ಓದಾಗ ಈ ಓಣೀಲಿ ನೆಟ್ಟಗೆ ಕೂತ್ಕಂಡು ರಾಜ್ನಂಗೆ ಓದ್ರು. ಎರಡೂ ಕಡೆ ಹೆಗ್ಲು ಕೊಟ್ಕಂಡು ಜನ ನಡುದ್ರು. ಅವತ್ತು ಇಡೀ ಊರು ನಮ್ಮ ಬಾಗ್ಲಿಗೆ ಬಂದಿತ್ತು. ನಾನೂ ಅಂಗೇ ಓಗ್ಬೇಕು. ಸಂದೀಲಿ ಓರೆ ಮಾಡ್ಕಂಡು ಸೊಪ್ಪಿನ ಮೂಟೆ ಸಾಗ್ಸ್ದಂಗೆ ಸಾಗುಸ್ಬುಟ್ಟೀರಿ ನನ್ನ."

ಅಷ್ಟು ದಿನ ನಾನು ಆಕೆಯ ಬೇಡಿಕೆಯನ್ನು ಕಳೆಯಬೇಕಾದ ಅಡ್ಡಿ ಎಂದು ಲೆಕ್ಕ ಹಾಕುತ್ತಿದ್ದೆ. ಅದು ಕೂಡ ಒಂದು ಅಳತೆ ಎಂದು ಹೊಳೆದಿರಲಿಲ್ಲ. ಟೇಪು ತೆಗೆದು, "ಎಷ್ಟಗಲ ಬೇಕಮ್ಮ ವಿಮಾನಕ್ಕೆ?" ಎಂದು ಕೇಳಿದೆ. ಆಕೆ ಎದ್ದು ಓಣಿಯ ನಡುವೆ ನಿಂತು ಎರಡೂ ಮೊಣಕೈ ಚಾಚಿ ತೋರಿಸಿದರು. ಇಷ್ಟು ಮಂಟಪ, ಈಚೆ ಒಬ್ಬ, ಆಚೆ ಒಬ್ಬ. ಅಳೆದರೆ ಆರಡಿಗೆ ಸ್ವಲ್ಪ ಕಡಿಮೆ ಬಂತು. ಮೇಲೆ ಮಾತ್ರ ಏನೂ ಅಡ್ಡ ಇರಕೂಡದು, ಮಂಟಪದ ತುದಿ ಎತ್ತರ.

ಬಸ್ಸಿನಲ್ಲಿ ವಾಪಸ್ಸು ಬರುತ್ತ ತೀರ್ಮಾನ ಮಾಡಿದೆ. ಇಟ್ಟಿಗೆಯ ಗೋಡೆ ಕಟ್ಟುವುದಿಲ್ಲ. ಬಿಚ್ಚಲು ಬರುವ ಗೋಡೆ ಮಾಡುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ.

ನಕ್ಷೆ ಹೀಗಿತ್ತು. ಕಮೋಡು, ನಲ್ಲಿ, ಹಿಡಿದುಕೊಳ್ಳುವ ಸ್ಟೀಲ್ ಕಂಬಿ ಎಲ್ಲವೂ ಮನೆಯ ಗೋಡೆಗೇ ಅಂಟಿಕೊಂಡು ಎರಡೂವರೆ ಅಡಿಯೊಳಗೆ ಮುಗಿಯಬೇಕು. ಎಂಟೂವರೆಯಲ್ಲಿ ಅದು ಕಳೆದರೆ ವಿಮಾನಕ್ಕೆ ಆರಡಿ ಉಳಿಯುತ್ತದೆ. ನೆಲ ಓಣಿಯ ಚಪ್ಪಡಿಗೆ ಸಮ, ಒಂದು ಬೆರಳಿನ ಮೆಟ್ಟಿಲೂ ಇಲ್ಲ. ಪೈಪು ತೆರೆದು ನೋಡುವ ಗುಂಡಿಯ ಮುಚ್ಚಳವೂ ನೆಲಕ್ಕೆ ಸಮ, ಹೊತ್ತವರು ತುಳಿದರೂ ತಡೆಯುವಂಥದ್ದು. ಮೂರು ಕಡೆಯ ಗೋಡೆ ಮತ್ತು ಮೇಲಿನ ಶೀಟು ಕಬ್ಬಿಣದ ಚೌಕಟ್ಟಿಗೆ ಕೂರಿಸಿದ ಸಿಮೆಂಟ್ ಬೋರ್ಡು, ನಟ್ಟು ಬೋಲ್ಟಿನಲ್ಲಿ ನಿಂತಿರುತ್ತವೆ. ಬೇಕಾದ ದಿನ ಸ್ಪ್ಯಾನರ್ ಹಾಕಿ ಬಿಚ್ಚಿ ಪಕ್ಕಕ್ಕಿಟ್ಟರೆ ಓಣಿ ಓಣಿಯಾಗಿಯೇ ಉಳಿಯುತ್ತದೆ.

ಅತ್ತಿಗೆ ಈ ಸಲ ನಕ್ಷೆಯನ್ನು ನನಗೇ ಕೊಟ್ಟು, ಓಣಿಯಲ್ಲಿ ನಿಂತು ತೋರಿಸು ಎಂದರು. ತೋರಿಸಿದೆ. ಆಕೆ ಆರಡಿಯ ನಡುವೆ ಮತ್ತೆ ಮೊಣಕೈ ಚಾಚಿ ನಿಂತು ನೋಡಿದರು. ಆಮೇಲೆ ಮುಂದಿನ ಮನೆಯೊಳಗೆ ಹೋಗಿ ಮೈದುನನ ಕುರ್ಚಿಯ ಮುಂದೆ ನಿಂತರು.

"ಲೇ, ಇವ್ಳು ಬರ್ಕೊಡ್ತಾಳೆ, ನಾನು ಸೈನೂ ಆಕ್ತೀನಿ. ಅದೆಲ್ಲ ಓಗ್ಲಿ. ನೀನು ಮಾತು ಕೊಡು. ದಾರಿ ಮುಚ್ಚಲ್ಲ ಅಂತ ಮಾತು ಕೊಡು."

"ಮುಚ್ಚಲ್ಲ ಅತ್ತಿಗೆ" ಎಂದರು ಆತ. ತಲೆಯೆತ್ತಲಿಲ್ಲ, ಅಳುತ್ತಿದ್ದರು.

ಅರಕಲಗೂಡಿನ ವೆಲ್ಡಿಂಗ್ ಅಂಗಡಿಯವನಿಗೆ ಕೆಲಸ ಕೊಟ್ಟೆ. ಒಳ್ಳೆಯ ಕೈ, ಬಾಯಿ ಮಾತ್ರ ಜಾಸ್ತಿ. "ಮೇಡಮ್, ಜನ ಮನೆ ಕಟ್ಟುಸ್ತಾರೆ ನಿಲ್ಲೋಕೆ, ನೀವು ಕಟ್ಟುಸ್ತಿದೀರ ಬಿಚ್ಚೋಕೆ" ಎಂದು ಆಡಿಕೊಂಡ. ನಾನು ತುಕ್ಕು ಹಿಡಿಯದ ಸ್ಟೀಲ್ ಬೋಲ್ಟನ್ನೇ ಬರೆದಿದ್ದೆ. ಆ ಉದ್ದದ್ದು ಅರಕಲಗೂಡಿನಲ್ಲಿ ಸಿಗಲಿಲ್ಲ, ಹೊಳೆನರಸೀಪುರದಲ್ಲೂ ಸಿಗಲಿಲ್ಲ. ಹಾಸನದಲ್ಲಿ ತರಿಸಿಕೊಡುತ್ತೇನೆ ಎಂದವರು ತರಿಸಲಿಲ್ಲ. ಮನೆಯಲ್ಲಿ ಆತ ಇನ್ನೂ ನೀರು ಕುಡಿಯದೆ ಕೂತಿದ್ದರು. ಮಾಮೂಲಿ ಕಬ್ಬಿಣದ ಬೋಲ್ಟಿಗೇ ಪ್ರೈಮರ್ ಬಳಿದು ಹಾಕಿಬಿಡೋಣ, ತಿಂಗಳಿಗೊಮ್ಮೆ ಸಡಿಲಿಸಿ ಎಣ್ಣೆ ಬಿಟ್ಟು ಮತ್ತೆ ಬಿಗಿದರೆ ಏನೂ ಆಗುವುದಿಲ್ಲ ಎಂದು ನಾನೇ ಹೇಳಿದೆ. ಹೇಳಿದ್ದು ಸರಿಯೂ ಆಗಿತ್ತು, ಯಾರಾದರೂ ಹಾಗೆ ಮಾಡಿದ್ದರೆ.

ಕೆಲಸ ಮುಗಿದ ದಿನ ಒಂದು ಪಕ್ಕದ ಗೋಡೆಯನ್ನಾದರೂ ಬಿಚ್ಚಿ ತೋರಿಸುತ್ತೇನೆ ಎಂದು ಸ್ಪ್ಯಾನರ್ ತೆಗೆದುಕೊಂಡೆ. ಆತನ ಹೆಂಡತಿ ಓಡಿಬಂದು ನನ್ನ ಕೈ ಹಿಡಿದರು.

"ಬ್ಯಾಡಿ ಮೇಡಮ್, ನಿಮ್ ದಮ್ಮಯ್ಯ. ಅಕ್ಕ ಗಟ್ಟಿಯಾಗವ್ರೆ. ಬದುಕಿರೋರ ಮುಂದೆ ವಿಮಾನದ ದಾರಿ ಬಿಚ್ಬಾರ್ದು. ಸಾವು ಕರುದಂಗಾಯ್ತದೆ."

ಅತ್ತಿಗೆಯ ಕಡೆ ನೋಡಿದೆ. ದಾರಿಗಾಗಿ ಅಷ್ಟು ಹಟ ಮಾಡಿದ ಆಕೆಯೂ ಮುಖ ತಿರುಗಿಸಿಕೊಂಡು, "ಬಿಡವ್ವ, ಬಿಚ್ತದೆ ಅಂತ ನೀನಂದ್ಮ್ಯಾಲೆ ಬಿಚ್ತದೆ" ಎಂದರು. ಖಾಲಿ ತೊಟ್ಟಿಲು ತೂಗಬಾರದು ಎನ್ನುವ ಜನ ನಾವು. ಖಾಲಿ ದಾರಿ ತೆಗೆಯಬಾರದು ಎಂದರೆ ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಸ್ಪ್ಯಾನರನ್ನು ಹೆಂಡತಿಯ ಕೈಗೆ ಕೊಟ್ಟು ಎಣ್ಣೆಯ ಮಾತನ್ನು ಇನ್ನೊಮ್ಮೆ ಹೇಳಿದೆ. ಅವರು ಹೂಂ ಎಂದರು.

ಆಮೇಲೆ ಒಂದೆರಡು ಸಲ ಅತ್ತ ಹೋದಾಗ ನೋಡಿಕೊಂಡು ಬಂದೆ. ಆತ ತಾವೇ ಕುರ್ಚಿ ತಳ್ಳಿಕೊಂಡು ಬಚ್ಚಲಿಗೆ ಹೋಗುತ್ತಿದ್ದರು, ಕಂಬಿ ಹಿಡಿದು ತೋಳಿನ ಬಲದಲ್ಲಿ ಕಮೋಡಿಗೆ ಜರುಗುತ್ತಿದ್ದರು, ತಾವೇ ಮೈಗೆ ನೀರು ಹುಯ್ದುಕೊಳ್ಳುತ್ತಿದ್ದರು. ಬಾಗಿಲು ಹಾಕಿಕೊಂಡರೆ ಅರ್ಧ ಗಂಟೆ ಹೊರಗೆ ಬರುವುದಿಲ್ಲ ಎಂದು ಮಗಳು ನಗುತ್ತ ದೂರು ಹೇಳಿದಳು. ಅತ್ತಿಗೆ ಓಣಿಯಲ್ಲಿ ಹೋಗುವಾಗ ಬೋರ್ಡಿಗೆ ಬೆರಳಿಂದ ತಟ್ಟಿ, "ಲೇ, ನೀರು ಕುಡುದ್ಯೇನ್ಲಾ?" ಎಂದು ಕೇಳುತ್ತಿದ್ದರು. ಒಳಗಿನಿಂದ "ಕುಡುದೆ ಅತ್ತಿಗೆ" ಎಂದು ಉತ್ತರ ಬರುತ್ತಿತ್ತು. ನಾನು ಮಾಡಿದ ಕೆಲಸಗಳಲ್ಲಿ ಅಷ್ಟು ತೃಪ್ತಿ ಕೊಟ್ಟದ್ದು ಇನ್ನೊಂದಿಲ್ಲ. ಬೋಲ್ಟಿನ ವಿಚಾರ ಕೇಳಿದರೆ ಹೆಂಡತಿ ಮಾತು ಮರೆಸುತ್ತಿದ್ದರು. ಹಬ್ಬಕ್ಕೆ ಚೆಂದ ಕಾಣಲಿ ಎಂದು ಚೌಕಟ್ಟಿಗೆಲ್ಲ ಹಸಿರು ಬಣ್ಣ ಹೊಡೆಸಿದ್ದರು, ಬೋಲ್ಟುಗಳ ಮೇಲೂ.

ಮುಂದಿನ ಮಳೆಗಾಲ ಮುಗಿಯುತ್ತಿದ್ದಾಗ ಒಂದು ಬೆಳಿಗ್ಗೆ ಆತನ ಹೆಂಡತಿಯಿಂದ ಫೋನ್ ಬಂತು. ಅತ್ತಿಗೆ ಅಂಗಳ ಗುಡಿಸುತ್ತಿದ್ದವರು ಹಾಗೇ ಕುಸಿದು ಹೋಗಿಬಿಟ್ಟರಂತೆ. ಅಳುವಿನ ನಡುವೆ ಅವರು ಹೇಳಿದ ಎರಡನೇ ಮಾತು, "ಮೇಡಮ್, ಬೋಲ್ಟು ಬಿಚ್ತಾ ಇಲ್ಲ."

ಸ್ಕೂಟರ್ ಹತ್ತಿದೆ. ಅರಕಲಗೂಡಿನಲ್ಲಿ ವೆಲ್ಡಿಂಗ್ ಅಂಗಡಿಯವನನ್ನೂ ಅವನ ಕಟಿಂಗ್ ಮಿಷಿನ್ನನ್ನೂ ಹಿಂದೆ ಹತ್ತಿಸಿಕೊಂಡೆ. ಹೋಗುವಷ್ಟರಲ್ಲಿ ಅಂಗಳದಲ್ಲಿ ವಿಮಾನ ಸಿದ್ಧವಾಗಿತ್ತು. ಬಿದಿರಿಗೆ ಬಾಳೆ ಕಟ್ಟಿ, ಚೆಂಡುಹೂವಿನ ಸರ ಬಿಟ್ಟಿದ್ದರು. ಹೊಸ್ತಿಲ ಹತ್ತಿರ ಗೋಡೆಗೆ ಒರಗಿಸಿ ಅತ್ತಿಗೆಯನ್ನು ಕೂರಿಸಿತ್ತು, ಹಣೆತುಂಬ ಅದೇ ವಿಭೂತಿ. ಚನ್ನರಾಯಪಟ್ಟಣದ ಮಗಳು ತಾಯಿಯ ಪಾದ ಹಿಡಿದುಕೊಂಡು ಕೂತಿದ್ದಳು. ಓಣಿಯ ತುಂಬ ಜನ, ನಡುವೆ ನನ್ನ ಬಚ್ಚಲು.

ಕರೆಂಟ್ ಇರಲಿಲ್ಲ. ರಾತ್ರಿಯ ಗಾಳಿಗೆ ಎಲ್ಲೋ ಕಂಬ ಬಿದ್ದಿತ್ತಂತೆ, ಮಿಷಿನ್ ಇದ್ದೂ ಇಲ್ಲದಂತಾಯಿತು. ಸ್ಪ್ಯಾನರ್ ಹಾಕಿ ಇಬ್ಬರು ಜಗ್ಗಿದರು, ಅಂಚು ಸವೆದು ಬೋಲ್ಟಿನ ತಲೆ ದುಂಡಗಾಯಿತೇ ಹೊರತು ಅಲ್ಲಾಡಲಿಲ್ಲ. ಹಸಿರು ಬಣ್ಣ ಕೆರೆದು ನೋಡಿದೆ. ಒಳಗೆ ನಟ್ಟೂ ಬೋಲ್ಟೂ ತುಕ್ಕು ಹಿಡಿದು ಒಂದೇ ಕಬ್ಬಿಣವಾಗಿತ್ತು. ಸೀಮೆಎಣ್ಣೆ ಬಿಟ್ಟು ಕಾದೆವು. ಉಳಿ ಇಟ್ಟು ಹೊಡೆದೆವು. ಒಂದು ಬೋಲ್ಟು ಮುರಿಯುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು ಪೂಜೆಗೆ ಬಂದಿದ್ದ ಸ್ವಾಮಿಗಳು ಮೆಲ್ಲಗೆ ನೆನಪಿಸಿದರು.

ಊರಿನ ಹಿರಿಯರು ಒಂದು ದಾರಿ ಹೇಳಿದರು. "ಏನ್ಮಾಡಾಕಾಯ್ತದೆ, ಕಾಲ ಅಂಗೈತೆ. ಕೈ ಮ್ಯಾಲೆ ಎತ್ಕಂಡು ಸಂದೀಲಿ ಓರೆ ಮಾಡ್ಕಂಡು ಬೀದೀಗ್ ತಂದ್ಬುಡಾನ. ಅಲ್ಲೇ ಏರ್ಸಾನ."

ಆಕೆ ಬೇಡ ಎಂದದ್ದು ಓರೆ ಮಾಡುವುದೊಂದನ್ನೇ. ನಾನು ಬಾಯಿ ತೆರೆಯುವ ಮೊದಲೇ ಬಚ್ಚಲಿನ ಒಳಗಿನಿಂದ ದನಿ ಬಂತು.

"ಯಾರೂ ಅತ್ತಿಗೇನ ಮುಟ್ಬ್ಯಾಡಿ."

ಆತ ಕುರ್ಚಿ ತಳ್ಳಿಕೊಂಡು ಒಳಬಾಗಿಲಿನಿಂದ ಬಚ್ಚಲಿಗೆ ಬಂದಿದ್ದರು. ವೆಲ್ಡಿಂಗಿನವನು ಕಮೋಡಿನ ಪಕ್ಕ ಕೂತು ಉಳಿ ಹೊಡೆಯುತ್ತಿದ್ದ. ಅವನ ಹತ್ತಿರ ಸುತ್ತಿಗೆ ಕೇಳಿದರು.

"ಅಣ್ಣ, ಒಳ್ಳೆ ಬೋರ್ಡು" ಎಂದ ಅವನು. "ಒಂದ್ ಗಂಟೆ ಟೈಮ್ ಕೊಡಿ, ಕರೆಂಟ್ ಬಂದ್ರೆ—"

"ಕೊಡ್ಲಾ ಇತ್ಲಾಗೆ."

ಸುತ್ತಿಗೆ ತೆಗೆದುಕೊಂಡು ಬೀಸಿದರು. ಮೊದಲನೇ ಏಟಿಗೆ ಬೋರ್ಡು ಬಿರಿಯಿತು, ಮುಂದಿನದಕ್ಕೆ ತೂತಾಯಿತು. ತೂತಿನಲ್ಲಿ ಆಚೆಗಿದ್ದ ಜನರ ಮುಖ ಕಾಣಿಸಿತು. ಬೀಸಿದಾಗಲೆಲ್ಲ ಕುರ್ಚಿ ಹಿಂದಕ್ಕೆ ಜಾರುತ್ತಿತ್ತು, ಹೆಂಡತಿ ಹಿಂದಿನಿಂದ ಒತ್ತಿ ಹಿಡಿದುಕೊಂಡರು. ಅವರು ಮೈ ತೊಳೆದುಕೊಳ್ಳುತ್ತಿದ್ದ ಗೋಡೆ, ಅತ್ತಿಗೆ ತಟ್ಟಿ ನೀರು ಕುಡಿದೆಯಾ ಎಂದು ಕೇಳುತ್ತಿದ್ದ ಗೋಡೆ, ಚೂರು ಚೂರಾಗಿ ಚಪ್ಪಡಿಯ ಮೇಲೆ ಬಿತ್ತು. ನಾನು ನಿಂತು ನೋಡಿದೆ. ತಡೆಯಲಾಗದೆ ಅತ್ತೆ.

ಬೋರ್ಡು ಹೋದಮೇಲೆ ಚೌಕಟ್ಟಿಗೆ ಹಾರೆ ಹಾಕಲು ಜಾಗ ಸಿಕ್ಕಿತು. ನಾಲ್ಕು ಜನ ಎಬ್ಬಿದಾಗ ಬುಡದ ಕಾಂಕ್ರೀಟು ಸಮೇತ ಕಿತ್ತು ಬಂತು. ಮೇಲಿನ ಶೀಟನ್ನು ಎಳೆದು ಹಾಕಿದರು. ಓಣಿಯ ಮೇಲೆ ಮತ್ತೆ ಆಕಾಶ ಕಾಣಿಸಿತು. ಹೆಂಗಸರು ಚೂರುಗಳನ್ನೆಲ್ಲ ಗುಡಿಸಿ ನೀರು ಹಾಕಿದರು. ಗೋಡೆಗಂಟಿಕೊಂಡು ಕಮೋಡು ಒಂದು ಬೆಳ್ಳಗೆ ನಿಂತಿತ್ತು. ಅದರ ಪಕ್ಕದಲ್ಲಿ ಅಕ್ಕ ಹೋಗುವುದು ಹೇಗೆ ಎಂದು ಆತನ ಹೆಂಡತಿ ಒಳಗೆ ಓಡಿ, ಪೆಟ್ಟಿಗೆಯಿಂದ ತಮ್ಮ ರೇಷ್ಮೆ ಸೀರೆ ತಂದು ಅದರ ಮೇಲೆ ಹೊದಿಸಿದರು.

ಅತ್ತಿಗೆಯನ್ನು ಅವರ ಹೊಸ್ತಿಲಲ್ಲೇ ಏರಿಸಿದರು. ವಿಮಾನ ಎದ್ದಿತು. ಈಚೆ ಹೆಗಲು, ಆಚೆ ಹೆಗಲು. ಈಚೆಯವರ ಪಂಚೆ ಸೀರೆಗೆ ಸವರಿಕೊಂಡು ಹೋಯಿತು, ಅಷ್ಟೇ. ಎಲ್ಲೂ ಓರೆಯಾಗಲಿಲ್ಲ. ಮೈದುನ ಕೋಣೆಯ ಬಾಗಿಲಲ್ಲಿ ಕುರ್ಚಿಯ ಮೇಲೆ ಕೈಮುಗಿದು ಕೂತಿದ್ದರು. ಎದುರಿಗೆ ಬಂದಾಗ ಕೂತಿದ್ದ ಇಬ್ಬರ ಮುಖ ಒಂದೇ ಮಟ್ಟದಲ್ಲಿರುವಂತೆ ಹೊತ್ತವರು ಒಂದು ಗಳಿಗೆ ವಿಮಾನವನ್ನು ತಗ್ಗಿಸಿ ಹಿಡಿದರು. ಆಮೇಲೆ ಬೀದಿಗೆ ನಡೆದರು.

ಕ್ರಿಯೆಗಳೆಲ್ಲ ಮುಗಿದಮೇಲೆ ಮತ್ತೆ ಹೋದೆ. ಬಚ್ಚಲಿದ್ದ ಜಾಗಕ್ಕೆ ಹಳೆಯ ಬೆಡ್‌ಶೀಟು ಕಟ್ಟಿದ್ದರು. ಸ್ಟೂಲಿನ ಮೇಲೆ ಚೊಂಬು ಮತ್ತೆ ತುಂಬಿಯೇ ಇತ್ತು. ಚನ್ನರಾಯಪಟ್ಟಣದ ಮಗಳು ಹಿಂದಿನ ಮನೆಯನ್ನು ಚಿಕ್ಕಪ್ಪನಿಗೇ ಬಿಟ್ಟುಕೊಡುವ ಮಾತಾಡಿ ಹೋಗಿದ್ದಳು. ಎರಡೂ ಮನೆ ಒಬ್ಬರ ಕೈಗೆ ಬಂದರೆ ಷರತ್ತು ತಾನಾಗಿ ಸತ್ತಂತೆ ಎಂದು ವಕೀಲರು ಹೇಳಿದ್ದರು. ಅದಕ್ಕೇ ನಾನು ಇಟ್ಟಿಗೆ ಗೋಡೆಯ ಹೊಸ ನಕ್ಷೆ ಬರೆದುಕೊಂಡು ಹೋಗಿದ್ದೆ. ಐದಡಿಯ ಬದಲು ಆರಡಿ, ಗಟ್ಟಿ ಚಾವಣಿ.

ಆತ ನಕ್ಷೆಯನ್ನು ನೋಡಿ ನನ್ನ ಕೈಗೇ ವಾಪಸ್ಸು ಕೊಟ್ಟರು.

"ಬೋಲ್ಟಾಕೇ ಮಾಡ್ಕೊಡಿ ಮೇಡಮ್. ಮೊದ್ಲಿದ್ದಂಗೇ."

"ಹಿಂದಿನ ಮನೆಯಲ್ಲಿ ಈಗ ಯಾರಿದ್ದಾರೆ? ಆ ದಾರೀಲಿ ಇನ್ನು ಯಾರು ಹೋಗೋದಿದೆ?" ಎಂದೆ.

"ಮುಚ್ಚಲ್ಲ ಅಂತ ಅತ್ತಿಗೇಗ್ ಅಂದಿದ್ನಲ್ಲ. ಅವ್ರು ಓದ್ರು ಅಂತ ಮಾತೂ ಓಯ್ತದಾ?"

ಹಾಸನಕ್ಕೆ ನಾನೇ ಹೋಗಿ ತುಕ್ಕು ಹಿಡಿಯದ ಬೋಲ್ಟುಗಳನ್ನು ತಂದೆ. ವೆಲ್ಡಿಂಗಿನವನು ಈ ಸಲ ಮಾತಿಲ್ಲದೆ ಕೆಲಸ ಮಾಡಿದ. ಮುಗಿದ ದಿನ ಆತ ಸ್ಪ್ಯಾನರ್ ಕೇಳಿ ತೆಗೆದುಕೊಂಡರು. ಹಿಂದಿನ ಮನೆಯ ಕಡೆಗಿದ್ದ ಗೋಡೆಯ ಹತ್ತಿರ ಕುರ್ಚಿ ತಳ್ಳಿಕೊಂಡು ಹೋಗಿ ಕೈಗೆಟುಕುವ ಬೋಲ್ಟುಗಳನ್ನು ತಾವೇ ತೆಗೆದರು, ಮೇಲಿನವನ್ನು ಮಗಳು ತೆಗೆದಳು. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು, ಬೇಡ ಎನ್ನಲಿಲ್ಲ. ಗೋಡೆ ಸಲೀಸಾಗಿ ಬಿಚ್ಚಿಕೊಂಡಿತು. ವೆಲ್ಡಿಂಗಿನವನೂ ನಾನೂ ಎತ್ತಿ ಪಕ್ಕಕ್ಕಿಟ್ಟೆವು. ಎದುರಿಗೆ ಅಂಗಳ, ಅದರಾಚೆ ಬೀಗ ಹಾಕಿದ ಬಾಗಿಲು.

"ಬಿಚ್ತದೆ ನೋಡಿ ಅತ್ತಿಗೆ" ಎಂದರು ಆತ, ಆ ಬಾಗಿಲಿಗೆ.

ಆಮೇಲೆ ಮಗಳನ್ನು ಕರೆದು ಒಂದು ಚೊಂಬು ನೀರು ತರಲು ಹೇಳಿದರು. ಪೂರ್ತಿ ಕುಡಿದರು.